ಹೊಸ್ತಿಲಿಲ್ಲದ ಜಾಗಗಳು

೧೦ ಸೆಪ್ಟೆಂಬರ್ ೨೦೨೪, ಮಂಗಳವಾರ. ಸಂಜೆ ೬

ಬೆಳಿಗ್ಗೆ ಹನ್ನೊಂದು ಮಕ್ಕಳ ತೂಕ. ಮೂವರದು ಇಳಿದಿದೆ. ಯಂತ್ರದ ತಪ್ಪೋ ಊಟದ ತಪ್ಪೋ... ಆ್ಯಪ್‌ಗೆ ಅದೆಲ್ಲ ಬೇಡ, ಕೆಂಪು ಬಣ್ಣ ತೋರಿಸಿ ಸುಮ್ಮನಾಯಿತು. ಉಳಿದ ಕೆಲಸ ಶಿವಲಿಂಗವ್ವನ ತಲೆಗೆ ಕಟ್ಟಿದೆ. ಹುನಗುಂದದ ಈ ಅಂಗನವಾಡಿಗೆ ನಾನು ಟೀಚರ್, ಅವಳು ಸಹಾಯಕಿ. ಆದರೆ ಮಕ್ಕಳು ಅಂಜುವುದು ಅವಳಿಗೆ. ಹತ್ತರ ಬಸ್ಸು ಹಿಡಿದೆ. ಬಾಗಲಕೋಟೆಯಲ್ಲಿ ತಿಂಗಳ ಮೀಟಿಂಗ್.

ಆಧಾರ್ ತೋರಿಸಿದೆ, ಸೊನ್ನೆ ಟಿಕೆಟ್ ಬಂತು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಗಿ ವರ್ಷದ ಮೇಲಾಯಿತು. ಕಂಡಕ್ಟರನ ಮುಖ ಮಾತ್ರ ಇನ್ನೂ ನಾವು ಅವನ ಹೊಲ ಬರೆಸಿಕೊಂಡ ಹಾಗೆ ಇರುತ್ತದೆ.

ಮೀಟಿಂಗ್ ಒಂದು ಗಂಟೆಗೆ ಮುಗಿಯಿತು. ಮನೆಯಲ್ಲಿ ನಾಲ್ಕಕ್ಕೆ ಮುಗಿಯಿತು ಎನ್ನುತ್ತೇನೆ. ನಡುವಿನ ಮೂರು ತಾಸು ಆಫ್ರೀನಳದು.

ಬಾಗಲಕೋಟೆಯ ನವನಗರದ ಬಸ್‌ಸ್ಟ್ಯಾಂಡಿನಲ್ಲಿ, ಹೆಣ್ಣುಮಕ್ಕಳು ಕೂರುವ ಕಡೆ ಕಾಯುತ್ತಿದ್ದಳು. ನನ್ನ ಒಬ್ಬಳೇ ಮಗಳು. ಇಪ್ಪತ್ತೆರಡು ವರ್ಷ. ಕಳೆದ ಜನವರಿಯಲ್ಲಿ ಸಿದ್ದಾರ್ಥನ ಜೊತೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಮಾಡಿ ಮದುವೆಯಾದಳು. ಹುಡುಗ ಇಲ್ಲೇ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಒಳ್ಳೆಯವನು. ಈ ಮಾತನ್ನು ಈ ಡೈರಿ ಬಿಟ್ಟು ಎಲ್ಲೂ ಆಡಿಲ್ಲ.

ಆ ದಿನ ಅವಳಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಚಲೋ ಇತ್ತು. ಅಂಗಡಿಯಲ್ಲಿ ಗಾದಿ ಹೊಲಿಯುತ್ತಿದ್ದರು, ಮೀಸೆಯ ಮೇಲೆ ಅರಳೆ. ಸೂಜಿಯನ್ನು ಅರಿವೆಗೆ ಚುಚ್ಚಿಟ್ಟು ಅಂದರು: “ಆಕಿ ಮನಿ ಹೊಸ್ತಲಾ ತುಳದ್ರ, ತಿರಗಿ ಈ ಮನಿ ಹೊಸ್ತಲಾ ತುಳಿಬ್ಯಾಡ.” ನಾನು ಆಯಿತು ಎಂದೆ. ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ಮುರ್ತುಜಸಾಬರು ನನ್ನಿಂದ ಮಾತು ತೆಗೆದುಕೊಂಡಿದ್ದು ಅದೊಂದೇ.

ಬಸ್‌ಸ್ಟ್ಯಾಂಡು ಅವಳ ಮನೆ ಅಲ್ಲ. ಅದಕ್ಕೆ ಹೊಸ್ತಿಲೂ ಇಲ್ಲ. ಮಾತು ಮುರಿದಿಲ್ಲ. ಇದು ನನ್ನ ವಕೀಲಿ.

೮ ಅಕ್ಟೋಬರ್, ಮಂಗಳವಾರ

ಬಸ್‌ಸ್ಟ್ಯಾಂಡ್ ಬೇಡ ಎಂದಳು. ಹುನಗುಂದದವರು ಒಬ್ಬರಲ್ಲ ಒಬ್ಬರು ಇಳಿಯುತ್ತಲೇ ಇರುತ್ತಾರೆ. ಹೋಟೆಲಿಗೆ ಹೋದರೆ ಚಹಾದ ಬಟ್ಟಲು ಖಾಲಿಯಾದ ಕೂಡಲೇ ಎದ್ದೇಳಬೇಕು. ನವನಗರದಲ್ಲೇ ಒಂದು ಪಾರ್ಕು ಹುಡುಕಿದ್ದಾಳೆ. ಎರಡು ಬೇವಿನ ಗಿಡ, ಮುರಿದ ಜಾರುಬಂಡಿ. ಮಧ್ಯಾಹ್ನ ಯಾರೂ ಬರುವುದಿಲ್ಲ.

ರೊಟ್ಟಿ, ಪುಂಡಿಪಲ್ಯ ಬಿಚ್ಚಿದೆ. ಪುಂಡಿಪಲ್ಯದ ವಾಸನೆಗೆ ಮುಖ ತಿರುಗಿಸಿದಳು. ಅಷ್ಟು ಸಾಕಾಯಿತು ನನಗೆ. ಹದಿನೆಂಟು ವರ್ಷದಿಂದ ಬಸುರಿಯರ ಹೆಸರು ಬರೆಯುತ್ತಿದ್ದೇನೆ.

“ಎರಡು ತಿಂಗಳಾತು ಅಮ್ಮಿ,” ಎಂದಳು. ಖುಷಿಯಾಯಿತು, ಭಾಳ ಆಯಿತು. ಕೈ ಹಿಡಿದುಕೊಂಡು ಅತ್ತೆ. ಆಮೇಲೆ ಟೀಚರ್ ಆದೆ. ತಾಯಿ ಕಾರ್ಡ್ ಮಾಡಿಸಿದ್ದೀಯಾ, ರಕ್ತ ಎಷ್ಟಿದೆ, ಕಬ್ಬಿಣದ ಗುಳಿಗೆ ನುಂಗುತ್ತೀಯಾ. ಊರಿನ ಬಸುರಿಯರಿಗೆಲ್ಲ ಹೇಳುವುದನ್ನೇ ಹೇಳಿದೆ. ಅವಳು ನಕ್ಕು, “ರಜಿಸ್ಟರ್ ತಂದೀಯೇನ?” ಎಂದಳು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅದನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

೯ ಅಕ್ಟೋಬರ್

ಅವರಿಗೆ ಹೇಳಬೇಕು. ಇವತ್ತು ಆಗಲಿಲ್ಲ. ಊಟಕ್ಕೆ ಕೂತಾಗ ಬಾಯಿಯವರೆಗೆ ಬಂತು. ಅವರು ಉಪ್ಪು ಕೇಳಿದರು, ಕೊಟ್ಟೆ.

೨೪ ನವೆಂಬರ್, ಭಾನುವಾರ

ಬಾದಾಮಿ. ಮನೆಯಲ್ಲಿ ಟ್ರೇನಿಂಗ್ ಎಂದು ಹೇಳಿ ಬಂದೆ. ಅಮೀನಗಡದ ಮೇಲಿಂದ ನಾನು, ಬಾಗಲಕೋಟೆಯಿಂದ ಅವಳು. ಇಬ್ಬರದೂ ಸೊನ್ನೆ ಟಿಕೆಟ್.

ಗವಿಗಳಿಗೆ ಟಿಕೆಟ್ ಇದೆ. ಆಫ್ರೀನ ಗೇಟಿನ ತನಕ ಹೋಗಿ ಬೋರ್ಡು ಓದಿ ತಿರುಗಿ ಬಂದಳು. ಬೇಡ ಬಿಡು, ಕಲ್ಲು ಎಲ್ಲಿ ನೋಡಿದರೂ ಕಲ್ಲೇ ಎಂದಳು. ಅವಳಿಗೆ ನೋಡುವ ಆಸೆ ಇತ್ತು. ನನಗೆ ತಿಳಿಯಿತು, ಆದರೂ ಹೂಂ ಎಂದೆ. ಅಗಸ್ತ್ಯ ತೀರ್ಥದ ದಂಡೆ ಹಿಡಿದು ಭೂತನಾಥ ಗುಡಿಯ ಮೆಟ್ಟಿಲಿಗೆ ಹೋದೆವು. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ನೀರಿನ ಮೇಲಿಂದ ಗಾಳಿ. ಬಟ್ಟೆ ಒಗೆಯುವ ಸಪ್ಪಳ. ಮಂಗ ಬಂದು ಒಂದು ರೊಟ್ಟಿ ಎತ್ತಿಕೊಂಡು ಹೋಯಿತು, ಪಲ್ಯ ಬಿಟ್ಟು. ಬಡವರ ಊಟ ಅದಕ್ಕೂ ಗೊತ್ತಾಗಿರಬೇಕು.

ಒಬ್ಬಳು ಹುಡುಗಿ ಬಂದಳು, ಬೆನ್ನಿಗೆ ತನ್ನಷ್ಟೇ ದೊಡ್ಡ ಚೀಲ. ವಿದ್ಯಾ ಅಂತೆ, ಮೈಸೂರು. ಒಬ್ಬಳೇ ಊರೂರು ತಿರುಗುತ್ತಾಳಂತೆ, ಕಡಿಮೆ ಖರ್ಚಿನಲ್ಲಿ. “ಆಂಟಿ, ಈ ಕಡೆ ದುಡ್ಡು ಕೊಡದೆ ನೋಡೋ ಜಾಗ ಇನ್ಯಾವ್ದಿದೆ?” ಎಂದು ಕೇಳಿದಳು. ಆಫ್ರೀನ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ನಗು.

ಹೇಳಿದೆ. ಹೇಳದೆ ಏನು, ಈ ವಿದ್ಯೆಯಲ್ಲಿ ನಾನು ಪಿಎಚ್‌ಡಿ. ಈ ಮೆಟ್ಟಿಲು ಬೆಳಿಗ್ಗೆ ಬಿಸಿಲು, ಊಟದ ಹೊತ್ತಿನ ಮೇಲೆ ನೆರಳು, ಹತ್ತಿರ ಶೌಚಾಲಯ ಇಲ್ಲ. ಚೊಳಚಗುಡ್ಡದ ಬನಶಂಕರಿ ಹೊಂಡದ ಸುತ್ತ ಕಲ್ಲಿನ ಪಡಸಾಲೆ ಇದೆ, ದಿನವಿಡೀ ಕೂತರೂ ಎಬ್ಬಿಸುವುದಿಲ್ಲ. ಮಹಾಕೂಟದಲ್ಲಿ ತಣ್ಣೀರು ಸದಾ ಹರಿಯುತ್ತದೆ. ಕೂಡಲಸಂಗಮಕ್ಕೆ ಹೋದರೆ ದಾಸೋಹದ ಊಟ, ನದಿ, ಗಾಳಿ. ಬಾಗಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಫ್ಯಾನ್ ಇರುವುದು ಮೂರನೇ ಬೆಂಚಿನ ಮೇಲೆ ಎನ್ನುವುದನ್ನೂ ಹೇಳಿದೆ. ಅವಳು ಅದನ್ನೂ ಮೊಬೈಲಿನಲ್ಲಿ ಬರೆದುಕೊಂಡಳು. ನೀವಿಬ್ಬರೂ ಎಷ್ಟು ಸುತ್ತಿದ್ದೀರಿ, ನನ್ನಮ್ಮ ನನ್ನ ಜೊತೆ ಎಲ್ಲಿಗೂ ಬರಲ್ಲ ಎಂದಳು.

ಅವಳು ಹೋದ ಮೇಲೆ ಆಫ್ರೀನಳ ನಗು ನಿಂತಿತ್ತು. “ಆಕಿ ನೋಡಾಕ ಬಂದಾಳ ಅಮ್ಮಿ. ನಾವು ಕುಂದ್ರಾಕ ಬಂದೇವಿ.”

ನೀರು ಕುಡಿ ಎಂದೆ.

೧೦ ಡಿಸೆಂಬರ್, ಮಂಗಳವಾರ

ಮೈದುನ ರಾಜಮಹ್ಮದ ನಮ್ಮನ್ನು ಬಾಗಲಕೋಟೆಯಲ್ಲಿ ನೋಡಿದ್ದಾನೆ. ಬಂದು ಅಣ್ಣನಿಗೆ ಹೇಳಿದ್ದಾನೆ. ಆಫ್ರೀನ ಬಸುರಿ ಎನ್ನುವುದನ್ನೂ. ಕಣ್ಣಿಗೆ ಕಾಣುವಂಥದ್ದು, ಮುಚ್ಚಿಡುವುದು ಹೇಗೆ.

ನಾನು ಮನೆಗೆ ಬಂದಾಗ ಇವರು ಅಂಗಳದಲ್ಲಿ ಹಳೆ ಗಾದಿಯ ಅರಳೆ ಬಿಚ್ಚುತ್ತಿದ್ದರು. ಎಷ್ಟೋ ಹೊತ್ತು ಬಿಚ್ಚಿದರು. ಆಮೇಲೆ ಕೇಳಿದರು.

“ಆಕಿ ಮನಿಗೆ ಹೋಗಿದ್ದೇನ?”

“ಇಲ್ರಿ.”

“ಖರೆ?”

“ಖರೆ. ಪಾರ್ಕಿನಾಗ ಕುಂತಿದ್ವಿ.”

“ಹಂಗಾರ ಆತು,” ಎಂದರು. ಮತ್ತೆ ಅರಳೆಗೆ ಕೈ ಹಾಕಿದರು.

ಹಗುರಾಯಿತು, ಸುಳ್ಳು ಹೇಳುವ ಕೆಲಸ ತಪ್ಪಿತು. ಆಮೇಲೆ ಯೋಚಿಸಿದರೆ ಭಾರವೇ ಆಯಿತು. ಇಲ್ಲಿಯವರೆಗೆ ನಾನೇ ಕಟ್ಟಿಕೊಂಡ ಬೇಲಿ. ಈಗ ಅವರೂ ಒಪ್ಪಿದ್ದಾರೆ: ಎಲ್ಲಿ ಬೇಕಾದರೂ ಕೂಡು, ಅವಳ ಮನೆಯೊಂದು ಬಿಟ್ಟು. ಇನ್ನು ಅದನ್ನು ದಾಟಿದರೆ ನಾನು ಮೋಸಗಾರ್ತಿ. ನನ್ನ ವಕೀಲಿ ನನಗೇ ತಿರುಗಿ ಬಂತು.

೨೨ ಡಿಸೆಂಬರ್, ಭಾನುವಾರ

ಬನಶಂಕರಿ. ಹೊಂಡದ ಪಡಸಾಲೆಯಲ್ಲಿ ಬುರ್ಖಾದವಳು ನಾನೊಬ್ಬಳೇ. ರೊಟ್ಟಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ದಿಟ್ಟಿಸಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬಸುರಿಯನ್ನು ಬರೀ ಕಲ್ಲಿನ ಮೇಲೆ ಕೂರಿಸಿದ್ದೀಯಲ್ಲ ಎಂದು ಬೈದು, ತನ್ನ ಗೋಣಿಚೀಲ ಹಾಸಿ ಹೋದಳು.

ಆಫ್ರೀನ ಮನೆಯ ಮಾತು ತೆಗೆದಳು. ಒಂದೇ ಕೋಣೆ, ಆದರೆ ಕಿಟಕಿ ಪೂರ್ವಕ್ಕಿದೆಯಂತೆ. ಸಿದ್ದಾರ್ಥ ತಾನೇ ಸುಣ್ಣ ಬಳಿದಿದ್ದಾನಂತೆ. ಅವನ ತಾಯಿ ಚಂದವ್ವ ಹಳ್ಳಿಯಲ್ಲಿರುತ್ತಾಳೆ, ತಿಂಗಳಿಗೊಮ್ಮೆ ಜೋಳ ತರುತ್ತಾಳಂತೆ.

“ಒಮ್ಮಿ ಬಾ ಅಮ್ಮಿ. ಬರೀ ಒಂದು ತಾಸು. ನಾ ಹೆಂಗ ಅದೇನಿ ನೋಡಿ ಹೋಗು.”

“ನೋಡಾಕತ್ತೇನಲ್ಲ, ಇಲ್ಲೇ.”

“ಇಲ್ಲಿ ನಾ ತಯಾರಾಗಿ ಬರ್ತೇನಿ,” ಎಂದಳು.

ಅಪ್ಪನ ಮಾತು ಅವಳಿಗೂ ಗೊತ್ತು. ಮತ್ತೆ ಒತ್ತಾಯ ಮಾಡಲಿಲ್ಲ. ಹೊರಡುವಾಗ ನನ್ನ ಚೀಲ ತಾನೇ ಹೊತ್ತಳು, ಬೇಡವೆಂದರೂ ಕೇಳಲಿಲ್ಲ.

೧೯ ಜನವರಿ ೨೦೨೫

ಈ ತಿಂಗಳು ಭೇಟಿ ಇಲ್ಲ. ಬನಶಂಕರಿ ಜಾತ್ರೆಗೆ ಬಸ್ಸೆಲ್ಲ ಕಿಕ್ಕಿರಿದಿವೆ. ಆರನೇ ತಿಂಗಳು ಅವಳಿಗೆ, ನೂಕಾಟ ಬೇಡ. ಫೋನಿನಲ್ಲೇ ಎರಡು ಮಾತು.

೧೬ ಫೆಬ್ರುವರಿ, ಭಾನುವಾರ. ಸಂಜೆ ೭

ಬುರ್ಖಾ ಕೂಡ ತೆಗೆಯದೆ ಬರೆಯಲು ಕೂತಿದ್ದೇನೆ.

ಏಳನೇ ತಿಂಗಳು. ಕುಬಸ ಮಾಡಬೇಕು. ನಮ್ಮಲ್ಲೂ ಮಾಡುತ್ತಾರೆ, ತಾಯಿಯಾದವಳು ಹಸಿರು ಬಳೆ ಇಟ್ಟು, ಖಣ ಕೊಟ್ಟು, ಬುತ್ತಿ ಉಣಿಸಬೇಕು. ಮನೆಯಲ್ಲಿ ಆಗುವಂತಿಲ್ಲ, ಅವಳ ಮನೆಯಲ್ಲೂ ಆಗುವಂತಿಲ್ಲ. ಕೂಡಲಸಂಗಮ ಎಂದು ನಿರ್ಧಾರವಾಯಿತು.

ದಾಸೋಹದಲ್ಲಿ ಉಂಡೆವು. ಸಾಲಿನಲ್ಲಿ ಕೂತವರನ್ನು ಇಲ್ಲಿ ಯಾರು ಏನು ಎಂದು ಕೇಳುವುದಿಲ್ಲ, ತಟ್ಟೆ ಇಡುತ್ತಾರೆ ಅಷ್ಟೇ. ಆಮೇಲೆ ಹೊಳೆಯ ಮೆಟ್ಟಿಲ ಮೇಲೆ ಗುಳೇದಗುಡ್ಡದ ಖಣ, ಬಳೆ, ಕರಿಗಡುಬು ಬಿಚ್ಚಿಟ್ಟೆ. ಪಕ್ಕದಲ್ಲಿ ಯಾವುದೋ ಹಳ್ಳಿಯ ಹೆಂಗಸರು ಕಾಲು ತೊಳೆಯುತ್ತಿದ್ದರು. ಅವರಲ್ಲಿ ಹಿರಿಯಳು ಬಂದು, ಕುಬಸ ಒಬ್ಬರೇ ಮಾಡಬಾರದು ಎಂದಳು. ಯಾರು ನೀವು ಎಂದು ಕೇಳಲಿಲ್ಲ. ತನ್ನವರು ನಾಲ್ವರನ್ನು ಕೂಗಿ ಕರೆದಳು. ಐದು ಜನ ಗುರುತಿಲ್ಲದವರು ನನ್ನ ಮಗಳನ್ನು ನಡುವೆ ಕೂರಿಸಿ ಹಾಡಿದರು. ಆಫ್ರೀನ ತಲೆ ತಗ್ಗಿಸಿ ಕೂತಿದ್ದಳು. ಇಷ್ಟು ಒಳ್ಳೆಯ ಮಧ್ಯಾಹ್ನ ಈ ವರ್ಷ ನನಗೆ ಸಿಕ್ಕಿರಲಿಲ್ಲ.

ಬಳೆ ಏರಲಿಲ್ಲ.

ಅವಳ ಬಳೆಯ ಅಳತೆ ನನಗೆ ಬಾಯಿಪಾಠ. ಸೋಪು ಹಚ್ಚಿ ಒಂದು ಕೈಗೆ ಹೇಗೋ ಎರಡು ನೂಕಿದೆ, ಇನ್ನೊಂದು ಕೈಯ ಗೆಣ್ಣು ದಾಟಲೇ ಇಲ್ಲ. ಹಳ್ಳಿಯವರು, ಮೈ ಕೈ ತುಂಬಿಕೊಂಡಿದ್ದಾಳೆ, ಗಂಡೇ ಹುಟ್ಟುತ್ತದೆ ಎಂದು ನಕ್ಕರು. ನಾನು ನಗುತ್ತ ಅವಳ ಕಾಲು ಹಿಡಿದೆ. ಹೆಬ್ಬೆರಳಿಂದ ಒತ್ತಿದೆ. ಒತ್ತಿದ ಗುಳಿ ಹಾಗೇ ಉಳಿಯಿತು.

ತಾಯಂದಿರ ಸಭೆಯಲ್ಲಿ ನಾನೇ ಹೇಳುವುದು: ಕೈ ಮುಖ ಬಾತರೆ, ತಲೆ ನೋವು ಬಂದರೆ, ಕಣ್ಣು ಮಂಜಾದರೆ ಒಂದು ದಿನವೂ ಕಾಯಬೇಡಿರಿ. ತಲೆ ನೋಯುತ್ತದೆಯಾ ಎಂದು ಕೇಳಿದೆ. ಬಿಸಿಲಿಗೆ ಸ್ವಲ್ಪ ಎಂದಳು.

ಆಗಲೇ ಅವಳ ಬಸ್ಸಿನಲ್ಲಿ ಕೂತು ಬಾಗಲಕೋಟೆಗೆ ಹೋಗಿ ಬಿಪಿ ನೋಡಿಸಬೇಕಿತ್ತು. ನೋಡಿಸಿದ ಮೇಲೆ? ಅಷ್ಟೊತ್ತಿಗೆ ಕತ್ತಲಾಗಿರುತ್ತದೆ. ಅವಳನ್ನು ಮನೆಗೆ ಮುಟ್ಟಿಸಬೇಕು. ಮುಟ್ಟಿಸಿದ ಮೇಲೆ ಬಾಗಿಲಲ್ಲೇ ನಿಂತು ಬರುವುದು ಹೇಗೆ? ಇಷ್ಟೆಲ್ಲ ಯೋಚನೆ ಒಂದು ಉಸಿರಿನಲ್ಲಿ ಬಂದು ಹೋಯಿತು. ಬಾಯಿ ಹೇಳಿದ್ದು ಇಷ್ಟೇ: ನಾಳೆ ಬೆಳಿಗ್ಗೆ ಎದ್ದ ಕೂಡಲೇ ದವಾಖಾನೆಗೆ ಹೋಗು, ಬಿಪಿ ನೋಡಿಸು, ನನಗೆ ಫೋನ್ ಮಾಡು.

ಬಸ್ಸು ಹತ್ತಿಸಿದೆ. ಖಣ ಮಡಿಲಲ್ಲಿಟ್ಟುಕೊಂಡು ಕಿಟಕಿಯಿಂದ ಕೈ ಮಾಡಿದಳು. ಒಂದು ಕೈಗಷ್ಟೇ ಎರಡು ಬಳೆ ಏರಿದ್ದವು.

೧೭ ಫೆಬ್ರುವರಿ

ಹೋದೆಯಾ ಎಂದು ವಾಟ್ಸ್ಯಾಪ್ ಮಾಡಿದೆ. “ಹೂಂ” ಎಂದು ಬಂತು. ಎಷ್ಟಿತ್ತು ಎಂದೆ. “ನಾರ್ಮಲ್.” ಅಲ್ಹಮ್ದುಲಿಲ್ಲಾ.

೬ ಮಾರ್ಚ್, ಗುರುವಾರ

ರಂಜಾನಿನ ಐದನೇ ರೋಜಾ. ಹನ್ನೊಂದಕ್ಕೆ ಸಿದ್ದಾರ್ಥನ ಫೋನ್. ಅವನು ನನಗೆ ಫೋನ್ ಮಾಡಿದ್ದು ಇದೇ ಮೊದಲು. “ಅತ್ತೀರಿ,” ಎಂದು ಕರೆದು ಹೇಳಿದ. ಬಿಪಿ ಏರಿ ಆಫ್ರೀನಳಿಗೆ ಝಟಕೆ ಬಂದಿದೆ, ಕೈಕಾಲು ಸೆಟೆದಿವೆ. ಬಾಗಲಕೋಟೆ ದವಾಖಾನೆಗೆ ಸೇರಿಸಿದ್ದಾರೆ.

ಶಿವಲಿಂಗವ್ವನ ಕೈಗೆ ಕೀಲಿ ಕೊಟ್ಟು ಓಡಿದೆ. ಬಸ್ಸಿನಿಂದ ಇವರಿಗೆ ಫೋನ್ ಮಾಡಿದೆ. ದವಾಖಾನೆ ಯಾರ ಮನೆಯೂ ಅಲ್ಲ ಎಂದೆ. ಆಗಲೂ ವಕೀಲಿ. ಹೋಗು ಎಂದರು.

೯ ಮಾರ್ಚ್

ಹೆಣ್ಣು ಕೂಸು. ಗುರುವಾರ ಸಂಜೆಯೇ ಹೊಟ್ಟೆ ಕೊಯ್ದು ತೆಗೆದರು. ಒಂದೂವರೆ ಕಿಲೋ. ಗಾಜಿನ ಪೆಟ್ಟಿಗೆಯಲ್ಲಿದೆ. ನೋಡಿದೆ. ಎದೆ ಏರಿ ಇಳಿಯುತ್ತದೆ, ಅಷ್ಟೇ ಕಾಣುತ್ತದೆ.

ಆಫ್ರೀನ ಎರಡು ದಿನ ಕಣ್ಣು ತೆರೆಯಲಿಲ್ಲ. ಇವತ್ತು ತೆರೆದಳು. ಎಲ್ಲ ಮಂಜು ಎಂದಳು. ನಾನು ಯಾರು ಎಂದು ಧ್ವನಿಯಿಂದ ಗುರುತಿಸಿದಳು. ಕಣ್ಣು ತಿರುಗಿ ಬರುತ್ತದೆ, ಅಂಜಬೇಡಿ ಎಂದಿದ್ದಾರೆ ಡಾಕ್ಟರ್.

ಸಿದ್ದಾರ್ಥ ವರಾಂಡದಲ್ಲಿ ಹೇಳಿದ. ಹದಿನೇಳನೇ ತಾರೀಖು ಅವಳು ದವಾಖಾನೆಗೆ ಹೋಗಿರಲೇ ಇಲ್ಲ. ಕೂಡಲಸಂಗಮದಿಂದ ಬಂದವಳು ತಲೆ ನೋವೆಂದು ಎರಡು ದಿನ ಮಲಗಿಯೇ ಇದ್ದಳು. ಬಿಸಿಲಿನದು ಅಂದುಕೊಂಡರು. ಆಮೇಲೆಯೂ ಆಗಾಗ ಬರುತ್ತಿತ್ತು. ಅಮ್ಮಿಗೆ ಹೇಳಬೇಡ, ಬರುವಂತಿಲ್ಲ, ಸುಮ್ಮನೆ ಅಲ್ಲಿ ಕೂತು ಅಳುತ್ತಾಳೆ ಎಂದಿದ್ದಳಂತೆ.

ಊರಿಗೆ ಉಪಕಾರಿ, ಮನೆಗೆ ಮಾರಿ. ಒಂದು ದಿನ ಆ ಮನೆಗೆ ಹೋಗಿದ್ದರೆ ಸಾಕಿತ್ತು. ಹಾಸಿಗೆಯಲ್ಲಿ ಬಿದ್ದವಳನ್ನು ನೋಡಿದ್ದರೆ ಹೆಗಲ ಮೇಲೆ ಹೊತ್ತು ತರುತ್ತಿದ್ದೆ. ನಾನು ನೋಡಿದ್ದು ಬರೀ ತಯಾರಾಗಿ ಬಂದವಳನ್ನು.

೧೩ ಮಾರ್ಚ್

ಚಂದವ್ವ ಹಳ್ಳಿಯಿಂದ ಬಂದಿದ್ದಾಳೆ. ಗಂಡ ದೇವಪ್ಪ ಕರೆತಂದು ಬಿಟ್ಟು ಊರಿಗೆ ಹೋದರು, ಇವಳು ಉಳಿದಳು. ಇಬ್ಬರೂ ಒಂದೇ ವರಾಂಡದಲ್ಲಿ, ಒಂದೇ ಚಾಪೆ. ಮೊದಲ ಎರಡು ದಿನ ಬೆನ್ನು ಮಾಡಿ ಕೂತಿದ್ದೆವು. ಇವತ್ತು ಸಂಜೆ ಸೆರಗಿನಲ್ಲಿ ಕಟ್ಟಿದ ಖಜೂರಿ ಬಿಚ್ಚಿ ನನ್ನ ಮುಂದಿಟ್ಟು, “ಎಷ್ಟ ಗಂಟೆಕ ಬಿಡ್ತೀರಿ ಉಪವಾಸ?” ಎಂದು ಕೇಳಿದಳು. ಹೇಳಿದೆ. ಗೋಡೆ ಗಡಿಯಾರ ನೋಡುತ್ತ ನನ್ನ ಜೊತೆ ಕಾದಳು. ಆ ಹೊತ್ತಿಗೆ ತಾನೂ ಒಂದು ತಿಂದಳು.

೧೮ ಮಾರ್ಚ್

ಆಫ್ರೀನಳ ಕಣ್ಣು ಸರಿಯಾಗಿದೆ. ನನ್ನನ್ನು ಸರಿಯಾಗಿ ನೋಡಿದಳು. ನೋಡಿ ಮುಖ ತಿರುಗಿಸಿದಳು. ಹಾಲು ಹಿಂಡಿ ಕೊಡುವಾಗ ಸಹಾಯ ಮಾಡಲು ಹೋದೆ, ಬೇಡ ಎಂದಳು. ಆಮೇಲೆ ತಾನೇ ಅಂದಳು. ಗಟ್ಟಿಯಾಗಿ ಅಲ್ಲ. ಪಕ್ಕದ ಹಾಸಿಗೆಯವರಿಗೆ ಕೇಳಿಸದ ಹಾಗೆ.

“ನೀ ಅಬ್ಬಾನ ಮಾತ ಉಳಿಸಿದಿ ಅಮ್ಮಿ. ನಾ ಏಳು ತಿಂಗಳ ಬಿಸಲಾಗ ಕುಂತೆ.”

ಅವಳು ಹೇಳಿದ್ದು ಖರೆ. ನಾನು ಪುಕ್ಕಟೆ ಎಂದುಕೊಂಡಿದ್ದಕ್ಕೆಲ್ಲ ಅವಳು ತೆತ್ತಳು.

೩೧ ಮಾರ್ಚ್, ಸೋಮವಾರ

ಹಬ್ಬ. ರಾಜಮಹ್ಮದ ಡಬ್ಬಿಯಲ್ಲಿ ಶಾವಿಗೆಯ ಸುರಕುಂಬಾ ತಂದ. ಅಣ್ಣನೇ ಮಾಡಿದ್ದಂತೆ, ಒಬ್ಬನೇ ನಿಂತು. ಹಾಲು ತಳ ಹತ್ತಿದೆ, ಸಕ್ಕರೆ ಜಾಸ್ತಿ. ಚಂದವ್ವ, ಸಿದ್ದಾರ್ಥ, ನಾನು ತಿಂದೆವು. ಆಫ್ರೀನ ಮೊದಲು ಒಲ್ಲೆ ಎಂದಳು. ಆಮೇಲೆ ಡಬ್ಬಿ ತೊಳೆಯಲು ಹೋದಾಗ ನೋಡಿದರೆ ಅವಳ ಕೈಯಲ್ಲಿತ್ತು, ಬೆರಳಿಂದ ಬಳಿಯುತ್ತಿದ್ದಳು.

ಇವರು ಬರಲಿಲ್ಲ. ದವಾಖಾನೆ ಯಾರ ಮನೆಯೂ ಅಲ್ಲ ಎನ್ನುವುದು ನನಗಷ್ಟೇ.

೩ ಏಪ್ರಿಲ್, ಗುರುವಾರ

ಡಿಸ್ಚಾರ್ಜ್. ಕೂಸು ಎರಡು ಕಿಲೋಗೆ ಸ್ವಲ್ಪ ಕಡಿಮೆ. ಅಳುತ್ತದೆ, ಕುಡಿಯುತ್ತದೆ.

ಸಿಸ್ಟರ್ ಕಾರ್ಡ್ ತುಂಬುತ್ತ ಕೇಳಿದಳು, ಬಾಣಂತಿ ಎಲ್ಲಿಗೆ ಹೋಗುತ್ತಾಳೆ, ತವರಿಗೋ ಗಂಡನ ಮನೆಗೋ. ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡಬೇಕು, ವಿಳಾಸ ಬೇಕು. ಇದೇ ಪ್ರಶ್ನೆಯನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೆ. ತವರಿಗೆ ಎನ್ನುವಾಗ ಆ ತಾಯಂದಿರ ಮುಖದಲ್ಲಿ ಒಂದು ಗತ್ತು ಇರುತ್ತದೆ.

ಸಿಸ್ಟರ್ ನನ್ನನ್ನೇ ನೋಡುತ್ತಿದ್ದಳು. ನಾನು ನೆಲ ನೋಡಿದೆ. “ಗಂಡನ ಮನಿ,” ಎಂದಳು ಆಫ್ರೀನ.

ಅವರು ಆಟೋ ಹತ್ತಿದರು. ಚಂದವ್ವ ನನಗೂ ಜಾಗ ಬಿಟ್ಟು ಒತ್ತಿ ಕೂತಳು. ನಾನು ಹತ್ತಲಿಲ್ಲ. ಆಟೋ ಯಾವ ಕಡೆ ತಿರುಗಿತು ಎನ್ನುವುದನ್ನೂ ನೋಡಲಿಲ್ಲ. ಹುನಗುಂದದ ಬಸ್ಸಿಗೆ ಬಂದೆ. ಕಂಡಕ್ಟರ್ ಆಧಾರ್ ಕೇಳಿದ, ಬ್ಯಾಗಿನಲ್ಲಿ ಎಷ್ಟು ತಡಕಿದರೂ ಕೈಗೆ ಹತ್ತಲಿಲ್ಲ. ಪಕ್ಕದವಳು ತೆಗೆದುಕೊಟ್ಟಳು, ಎದುರೇ ಇತ್ತಂತೆ.

೪ ಏಪ್ರಿಲ್

ಅಡುಗೆಮನೆ ಇರುವೆ ಹಿಡಿದಿದೆ. ಎಲ್ಲ ತೊಳೆದೆ. ಊಟಕ್ಕೆ ಕೂತಾಗ ಇವರು ತಲೆ ಎತ್ತದೆ ಕೇಳಿದರು, ಕೂಸಿಗೆ ಏನು ಹಾಸಿದ್ದಾರೆ ಎಂದು.

“ಗೊತ್ತಿಲ್ರಿ. ನಾ ಆ ಮನಿ ನೋಡಿಲ್ಲ.”

ಕೈಯಲ್ಲಿನ ತುತ್ತು ತಟ್ಟೆಗೆ ಇಳಿಯಿತು. ಈ ಊರಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಸಣ್ಣ ಗಾದಿ ಹೊಲಿದುಕೊಟ್ಟವರು. ಯಾವ ಕೂಸು ಯಾತರ ಮೇಲೆ ಮಲಗಿತು ಎನ್ನುವುದು ಗೊತ್ತಿಲ್ಲದೆ ಇರುವುದು ಇದೇ ಮೊದಲು ಇರಬೇಕು. ಕೈ ತೊಳೆದು ಎದ್ದು ಹೋದರು.

ನನಗೆ ಪಾಪ ಅನ್ನಿಸಿತು. ಸಿಟ್ಟೂ ಬಂತು. ಇಬ್ಬರೂ ಸೇರಿ ಮಾಡಿದ್ದು ಇದು.

೫ ಏಪ್ರಿಲ್, ಶನಿವಾರ. ಸಂಜೆ

ಹೇಳಿಬಿಟ್ಟೆ. ಅಂಗಡಿಗೇ ಹೋಗಿ ಹೇಳಿದೆ. ಇವರು ಅರಳೆಯ ಮುಂದೆ ಕೂತಿದ್ದರು, ಕೆಲಸ ನಡೆದಿರಲಿಲ್ಲ.

“ನಾಳೆ ಹೋಗ್ತೇನ್ರಿ. ಮೀಟಿಂಗ್ ಇಲ್ಲ, ಟ್ರೇನಿಂಗ್ ಇಲ್ಲ. ಆಕಿ ಮನಿಗೆ ಹೋಗ್ತೇನಿ. ಹೊಸ್ತಲಾ ತುಳಿತೇನಿ. ಬರಬ್ಯಾಡ ಅಂದ್ರ ಅಲ್ಲೇ ಇರ್ತೇನಿ.”

ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅವರು ಅರಳೆಯಿಂದ ಒಂದು ಕಸದ ಕಡ್ಡಿ ಆರಿಸಿ ಹೊರಗೆ ಒಗೆದರು. ಇನ್ನೊಂದು ಆರಿಸಿದರು. ಇಲ್ಲ ಎಂದರೂ ಹೋಗುವವಳೇ ನಾನು. ಅದು ಅವರಿಗೂ ತಿಳಿದಿತ್ತು.

“ತೊಟ್ಟಿಲಾ ಐತೋ ಇಲ್ಲೋ ನೋಡು,” ಎಂದರು ಕೊನೆಗೆ. “ಇರದಿದ್ರ ಕೂಸಿಂದ ಅಳತಿ ತಗೊಂಡ ಬಾ.”

ಬಾ ಎಂದರು. ಮನೆಗೆ ಬಂದು ರೊಟ್ಟಿ ಬಡಿಯುತ್ತ ಅತ್ತೆ.

೬ ಏಪ್ರಿಲ್, ಭಾನುವಾರ. ೧೧.೩೦

ಇಲ್ಲೇ ಕೂತು ಬರೆಯುತ್ತಿದ್ದೇನೆ, ಮಂಚದ ತುದಿಯಲ್ಲಿ. ಸಿದ್ದಾರ್ಥ ಬಸ್‌ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಬಂದ. ದಾರಿ ಇಷ್ಟು ಹತ್ತಿರ. ಹತ್ತು ನಿಮಿಷವೂ ಇಲ್ಲ. ಈ ಹತ್ತು ನಿಮಿಷ ತಪ್ಪಿಸಲು ಜಿಲ್ಲೆಯೆಲ್ಲ ಸುತ್ತಿದೆ.

ಬಾಗಿಲಲ್ಲಿ ಚಂದವ್ವ ಕಾಲಿಗೆ ನೀರು ಕೊಟ್ಟು, “ಬರ್ರಿ ಬೀಗತಿ,” ಎಂದಳು. ಒಳಗೆ ಬಂದೆ. ಹೊಸ್ತಿಲು ಎನ್ನುವಂಥದ್ದೇನೂ ಇಲ್ಲ, ಒಂದು ಕಡಪಾ ಕಲ್ಲಿನ ಪಟ್ಟಿ.

ಆಫ್ರೀನ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಎಚ್ಚರ ಇದ್ದಾಳೆ, ಉಸಿರಿನಿಂದ ಗೊತ್ತಾಗುತ್ತದೆ. ತಿರುಗಲಿಲ್ಲ. ಕೂಸು ಅವಳ ಬೆನ್ನ ಹಿಂದೆ, ಚಂದವ್ವನ ಹಳೆ ಕೌದಿ ನಾಲ್ಕು ಮಡಿಕೆ ಮಾಡಿ ಅದರ ಮೇಲೆ. ತೊಟ್ಟಿಲು ಇಲ್ಲ.

ಟೇಪ್ ತಂದಿಲ್ಲ. ಗೇಣು ಹಾಕಿ ಅಳೆದೆ, ಕೂಸು ಏಳದ ಹಾಗೆ. ಮೆತ್ತಗೆ ಎಣಿಸಿದೆ. ಮೂರು ಗೇಣು ಸಾಕು ಎಂದುಕೊಂಡು ಇಲ್ಲಿ ಬರೆಯುವಷ್ಟರಲ್ಲಿ ಗೋಡೆ ಕಡೆಯಿಂದ ಧ್ವನಿ ಬಂತು. ಅವಳು ತಿರುಗಲಿಲ್ಲ.

“ದೊಡ್ಡದ ಹೊಲಿ ಅಂತ ಹೇಳು ಅಬ್ಬಾಗ. ಬೆಳಿತಾಳ.”

ಮತ್ತೆ ಅಳೆಯುತ್ತಿದ್ದೇನೆ. ಉದ್ದ ನಾಲ್ಕು ಗೇಣು. ಅಗಲ —